ನಮ್ಮನ್ನು ಕಾಯುವವರೂ ನಮ್ಮ ಎಚ್ಚರವೂ

(ನೆಹೆಮೀಯನ ಗ್ರಂಥದ 7ನೆಯ ಅಧ್ಯಾಯವನ್ನೂ ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರಿಕೆಯ 5ನೆಯ ಅಧ್ಯಾಯವನ್ನೂ ಮುಂಚಿತವಾಗಿ ಓದಿಕೊಳ್ಳಿರಿ.)



ನೆಹೆಮೀಯನು ಯೆರೂಸಲೇಮಿನ ಗೋಡೆಯನ್ನು ಕಟ್ಟಿ ತೀರಿಸಿದ ಮೇಲೆ ಮಾಡಿದ ಏರ್ಪಾಡನ್ನು ಗಮನಿಸಿರಿ. ಗೋಡೆ ಎದ್ದಿತು, ಕದಗಳು ನಿಂತವು, ದ್ವಾರಪಾಲಕರು ನೇಮಕವಾದರು. ಇನ್ನು ನಿಶ್ಚಿಂತೆಯಿಂದ ಮಲಗಬಹುದೆಂದು ಜನರು ಎಣಿಸಿದ್ದರೆ ಆಶ್ಚರ್ಯವೇನು? ಆದರೆ ಅವನು ಅಷ್ಟಕ್ಕೇ ಬಿಡಲಿಲ್ಲ. ಬಿಸಿಲೇರುವ ತನಕ ಬಾಗಿಲು ತೆರೆಯಬಾರದೆಂದು ಕಟ್ಟುಮಾಡಿ, ಊರ ನಿವಾಸಿಗಳನ್ನೇ ಕಾವಲಿಗೆ ನಿಲ್ಲಿಸಿ, ಒಬ್ಬೊಬ್ಬನು ತನ್ನ ತನ್ನ ಮನೆಯ ಎದುರಿಗೆ ಕಾಯುವಂತೆ ಅಪ್ಪಣೆ ಕೊಟ್ಟನು. ಊರ ಬಾಗಿಲಿಗೆ ಕಾವಲುಗಾರರು ಬೇರೆ ಇದ್ದರು. ಮನೆಯೆದುರಿನ ಕಾವಲಾದರೋ ಮನೆಯವನದೇ. ಈ ಎರಡರಲ್ಲಿ ಒಂದನ್ನು ಹಿಡಿದು ಮತ್ತೊಂದನ್ನು ಬಿಡುವದೇ ನಮ್ಮ ವಾಡಿಕೆಯಾಗಿದೆ. ಕಾಯುವವರಿದ್ದಾರೆಂದು ನಿದ್ರಿಸುವವರು ಕೆಲವರು. ನಮ್ಮನ್ನು ನಾವೇ ಕಾಯ್ದುಕೊಂಡೆವೆಂದು ಹೆಮ್ಮೆಪಟ್ಟು, ಕಾಯ್ದವರನ್ನು ಮರೆಯುವವರು ಬಹುಮಂದಿ.

ಯಂಕಂಚಿ ಮೊದಲಾದ ಸಿಂದಗಿ ಸೀಮೆಯ ಹಳ್ಳಿಗಳಲ್ಲಿ ಬಾಳುವ ನಮಗೆ ಕಾವಲೆಂಬದು ಹೊಸ ಮಾತಲ್ಲ. ಈ ಬಯಲು ನಾಡಿನ ಹಳೇ ಊರುಗಳಲ್ಲಿ ಮಣ್ಣು ಕಲ್ಲುಗಳ ಹುಡೇವುಗಳು ಅಲ್ಲಲ್ಲಿ ಇನ್ನೂ ನಿಂತಿರುವದನ್ನು ಕಂಡಿದ್ದೀರಿ. ಸುಲಿಗೆಯವರ ದಂಡು ದೂರದಲ್ಲಿ ಧೂಳೆಬ್ಬಿಸಿದೊಡನೆ ಊರಿಗೆ ತಿಳಿಸುವದಕ್ಕಾಗಿ ಅವುಗಳ ಮೇಲೆ ಮನುಷ್ಯರು ಕೂತಿರುತ್ತಿದ್ದರು. ಇರುಳಲ್ಲಿ ತಳವಾರನು ಊರು ಸುತ್ತುವನು. ಕಳವಾದರೆ ಹೆಜ್ಜೆಯ ಜಾಡು ಹಿಡಿದು ಊರ ಸೀಮೆಯ ತನಕ ಹೋಗುವನು. ವಾಲೀಕಾರ, ಓಲೆಕಾರ, ಸನದಿ ಎಂಬ ಹೆಸರುಗಳು ನಮ್ಮ ನಿಮ್ಮ ಮನೆತನಗಳಿಗೆ ಈಗಲೂ ಅಂಟಿಕೊಂಡಿವೆಯಲ್ಲವೇ? ರಾಶಿಯ ಹೊತ್ತಿಗೆ ಕಣದಲ್ಲಿ ಸಿಕ್ಕುವ ಆಯದ ಜೋಳ, ಇದ್ದರೆ ಒಂದು ತುಂಡು ಚಾಕರಿಯ ಹೊಲ, ಇಷ್ಟೇ ಅವರ ಸಂಬಳ. ಊರ ಚಾಕರಿ ಮಾಡಿದವರಲ್ಲಿ ಅನೇಕರಿಗೆ ಊರೊಳಗಿನ ಕಟ್ಟೆಯನ್ನೇರುವ ಹಕ್ಕಿರಲಿಲ್ಲ. ಇರುಳೆಲ್ಲಾ ಯಾರ ಮನೆಯನ್ನು ಕಾಯ್ದರೋ ಹಗಲಲ್ಲಿ ಆ ಮನೆಯ ಹೊರಗೆ ನಿಂತು ನೀರು ಬೇಡಿದರು. 1961ರಲ್ಲಿ ಆದ ಕಾಯಿದೆಯು ವಂಶಪರಂಪರೆಯ ಗ್ರಾಮಾಧಿಕಾರಗಳನ್ನು ರದ್ದು ಮಾಡಿತು. ಆದರೆ ಕಾಯುವವನನ್ನು ಕೀಳಾಗಿ ಕಾಣುವ ಕಣ್ಣನ್ನು ಯಾವ ಕಾಯಿದೆ ರದ್ದು ಮಾಡೀತು?

ಈ ಮಾತು ಹಳೇದೆಂದು ತಳ್ಳಬೇಡಿರಿ. 2020ರಲ್ಲಿ ಕೊರೋನಾ ಎಂಬ ವ್ಯಾಧಿಯು ಹಬ್ಬಿದಾಗ ಮನೆಮನೆಗೆ ಬಂದು, ಕೆಮ್ಮು ಜ್ವರಗಳನ್ನು ವಿಚಾರಿಸಿ, ಪರಸ್ಥಳದಿಂದ ಬಂದವರ ಲೆಕ್ಕ ಬರಕೊಂಡವರು ಯಾರು? ನಮ್ಮ ಓಣಿಯ ಆಶಾ ಕಾರ್ಯಕರ್ತೆಯರೇ. ಅವರೂ ಮಕ್ಕಳೊಂದಿಗರು; ಅವರಿಗೂ ಜೀವದ ಆಶೆ ಇತ್ತು. ಮಾರ್ಚಿಯ 22ರಂದು ದೇಶವೆಲ್ಲಾ ಇಂಥವರಿಗಾಗಿ ಚಪ್ಪಾಳೆ ತಟ್ಟಿತು. ಅದೇ ವರುಷದ ಜುಲೈಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಬೇಕೆಂದು ಕೆಲಸ ನಿಲ್ಲಿಸಿ ಕೇಳಬೇಕಾಯಿತು. ಚಪ್ಪಾಳೆಯಿಂದ ಒಲೆ ಉರಿಯುವದಿಲ್ಲವಷ್ಟೆ! ಅಪೊಸ್ತಲನಾದ ಪೌಲನು ನಮಗಾಗಿ ಪ್ರಯಾಸಪಡುವವರನ್ನು ಪ್ರೀತಿಯಿಂದ ಬಹಳವಾಗಿ ಮಾನ್ಯ ಮಾಡಬೇಕೆಂದು ಬೇಡಿಕೊಂಡದ್ದು ಸಭೆಯ ಹಿರಿಯರನ್ನು ಕುರಿತು, ನಿಜ. ಆದರೂ ಆ ಮನಸ್ಸನ್ನು ಸಭೆಯ ಬಾಗಿಲಲ್ಲಿಯೇ ಬಿಟ್ಟು ಬೀದಿಗೆ ಇಳಿಯುವದು ಕ್ರೈಸ್ತರಿಗೆ ಒಪ್ಪುವದೋ? ಅವಳು ಬಂದಾಗ ಕೂಡ್ರಲಿಕ್ಕೆ ಹೇಳಿರಿ, ನೀರು ಕೊಡಿರಿ, ಕೇಳಿದ್ದಕ್ಕೆ ಸತ್ಯವನ್ನು ಹೇಳಿರಿ. ರೋಗವನ್ನು ಮರೆಮಾಡುವವನು ಅವಳ ಕಾವಲನ್ನೇ ಕೆಡಿಸುತ್ತಾನೆ.

ಅದೇ ಪೌಲನು ಅದೇ ಅಧ್ಯಾಯದಲ್ಲಿ, ಇತರರಂತೆ ನಿದ್ರೆಮಾಡದೆ ಎಚ್ಚರವಾಗಿರಬೇಕೆಂದೂ ಬರೆದಿದ್ದಾನೆ. ಇದಕ್ಕೆ ನಮ್ಮ ಭೀಮಾ ತೀರವೇ ಸಾಕ್ಷಿ. 2020ರ ಅಕ್ಟೋಬರದಲ್ಲಿ ಆ ನದಿಗೆ ಮಹಾಪೂರ ಬಂದು ಇಂಡಿ ಸಿಂದಗಿಗಳ ಕಡೆಯ ದಂಡೆಯ ಊರುಗಳು ಬಹಳ ಸಂಕಟಪಟ್ಟವು. ನಾವು ಬರಗಾಲದ ಸೀಮೆಯವರು. ಇಲ್ಲಿ ಮಳೆಯಿಲ್ಲದಿದ್ದರೂ ಮೇಲೆ ಮಹಾರಾಷ್ಟ್ರದಲ್ಲಿ ಸುರಿದ ಮಳೆಯು ಉಜನಿಯ ಆಣೆಕಟ್ಟನ್ನು ತುಂಬಿ ನಮ್ಮ ಮೇಲೆ ಬರುವದುಂಟು. ಅಲ್ಲಿ ಯಾರೋ ಒಬ್ಬನು ಇರುಳೆಲ್ಲಾ ನೀರಿನ ಅಳತೆ ನೋಡುತ್ತಾ ಕೂತಿರುತ್ತಾನೆ. ಅವನ ಸುದ್ದಿ ಕಚೇರಿಗಳನ್ನು ದಾಟಿ ನಮ್ಮ ಊರ ಡಂಗುರದವನ ತನಕ ಬರುತ್ತದೆ. ಕೇಳಿದವನು, ನಮ್ಮ ಅಜ್ಜನ ಕಾಲಕ್ಕೂ ಈ ಹೊಸ್ತಿಲಿಗೆ ನೀರು ಬಂದಿಲ್ಲವೆಂದು ಮಲಗಿದರೆ ಏನು ಗತಿ? ಯೆಹೆಜ್ಕೇಲ ಪ್ರವಾದಿಗೆ ದೇವರು ಈ ಲೆಕ್ಕವನ್ನೇ ಬಿಡಿಸಿ ಹೇಳಿದನು: ಕೊಂಬು ಊದದ ಕಾವಲುಗಾರನ ಮೇಲೆ ಅಪರಾಧ ಉಂಟು, ಊದಿದ್ದನ್ನು ಕೇಳಿಯೂ ಎಚ್ಚರಪಡದವನ ರಕ್ತವು ಅವನ ತಲೆಯ ಮೇಲೆಯೇ.

ಮತ್ತೊಂದು ಕಳ್ಳತನವು ಈಗ ಹೊಸದಾಗಿ ಬಂದಿದೆ. ಬ್ಯಾಂಕಿನವನೆಂದು ಹೇಳಿಕೊಂಡು ಒಬ್ಬನು ಮೊಬೈಲಿನಲ್ಲಿ ಸವಿಯಾಗಿ ಮಾತಾಡಿ ಓಟಿಪಿ ಎಂಬ ಗುಪ್ತಸಂಖ್ಯೆಯನ್ನು ಕೇಳುತ್ತಾನೆ. ಹುಡೇವಿನ ಮೇಲಿನವನಿಗೆ ಅವನು ಕಾಣಿಸನು. ಠಾಣೆಯ ಪೋಲೀಸನೂ ನಿಮ್ಮ ಬಾಯಿಗೆ ಕೈ ಅಡ್ಡ ಹಿಡಿಯಲಾರನು. ಆ ಸಂಖ್ಯೆಯನ್ನು ಯಾರಿಗೂ ಹೇಳಬೇಡಿರಿ. ಮೋಸಹೋದರೆ ನಾಚಿಕೆಯಿಂದ ಬಚ್ಚಿಡದೆ ಆ ಕ್ಷಣವೇ 1930ಕ್ಕೆ ಫೋನು ಮಾಡಿರಿ. ಕಳ್ಳನು ಹಣ ತೆಗೆಯುವದರೊಳಗೆ ತಡೆಯುವ ಏರ್ಪಾಡು ಅಲ್ಲಿದೆ. ಉಪದೇಶದಲ್ಲಿ ಫೋನಿನ ಸಂಖ್ಯೆ ಯಾಕೆಂದು ಕೆಲವರು ನಗಬಹುದು. ವಿಧವೆಯ ಹಣ ಹೋದ ಮೇಲೆ ಅವಳ ಮನೆಯಲ್ಲಿ ಪ್ರಾರ್ಥನೆ ಮಾಡುವದಕ್ಕಿಂತ ಇದು ಲೇಸು.

ಬಿಜಾಪುರಕ್ಕೆ ಹೋದವರು ಉಪಲೀ ಬುರುಜನ್ನು ನೋಡಿರುವಿರಿ. 1584ರ ಸುಮಾರಿಗೆ ಹೈದರಖಾನನು ಕಟ್ಟಿಸಿದ ಆ ಬುರುಜು ಸುಮಾರು 80 ಅಡಿ ಎತ್ತರವುಳ್ಳದ್ದು. ಮೇಲೆ ಉದ್ದವಾದ ತೋಫುಗಳಿವೆ. ನಾಲ್ಕೂ ದಿಕ್ಕು ಕಾಣಿಸುತ್ತದೆ. ಆದರೂ 1686ರ ಸೆಪ್ಟೆಂಬರದಲ್ಲಿ, ವರುಷಕ್ಕೂ ಮಿಕ್ಕಿದ ಮುತ್ತಿಗೆಯ ತರುವಾಯ, ಪಟ್ಟಣವು ಔರಂಗಜೇಬನ ವಶವಾಯಿತು. ಶತ್ರು ಬಂದದ್ದು ಕಾಣಿಸಲಿಲ್ಲವೆಂದಲ್ಲ. ಒಳಗೆ ಹಸಿವೆ ಸೇರಿತ್ತು. ಬುರುಜು ಇಂದಿಗೂ ಮುಕ್ಕಾಗದೆ ನಿಂತಿದೆ.

ಹಾಗಾದರೆ ಕಾಯುವವರಿಂದಲೂ ನಮ್ಮ ಎಚ್ಚರದಿಂದಲೂ ಎಲ್ಲಾ ಆದೀತೋ? ಜೋಳ ಹಾಲುಗಟ್ಟಿ ಸೀತನಿಗೆ ಬಂದಾಗ ಅಟ್ಟದ ಮೇಲೆ ಕವಣೆ ಹಿಡಿದು ಕೂಡ್ರುವ ಹುಡುಗನನ್ನು ಕೇಳಿರಿ. ಹಗಲೆಲ್ಲಾ ಕೂಗಿದವನಿಗೆ ಹಕ್ಕಿಗಳಿಳಿಯುವ ನಸುಕಿನಲ್ಲಿಯೇ ಕಣ್ಣು ಮುಚ್ಚುತ್ತದೆ. ಗೆತ್ಸೇಮನೆ ತೋಟದಲ್ಲಿ ಶಿಷ್ಯರಿಗೆ ಹಾಗೆಯೇ ಆಯಿತು. ಯಾರ ಸಹಾಯವೂ ಬೇಡದ ಕರ್ತನು ಅವರನ್ನು ತನ್ನ ಸಂಗಡ ಎಚ್ಚರವಾಗಿರಬೇಕೆಂದು ಕೇಳಿಕೊಂಡನು. ಮೂರು ಸಾರಿ ಬಂದು ನೋಡಿದನು. ಮೂರು ಸಾರಿಯೂ ಅವರು ಮಲಗಿದ್ದರು. ಆಗ ದೀವಟಿಗೆಗಳು ತೋಟದೊಳಗೆ ಬಂದವು. ಆತನು ತಾನೇ ಮುಂದಕ್ಕೆ ಹೋಗಿ, ತನ್ನನ್ನು ಹಿಡಿಯುವದಾದರೆ ಹಿಡಿದು, ನಿದ್ದೆಗಣ್ಣಿನಿಂದ ಹಿಂದೆ ನಿಂತಿದ್ದ ಇವರನ್ನು ಹೋಗಗೊಡಿರೆಂದು ಬಂದವರಿಗೆ ಹೇಳಿದನು.