ಪರದೇಶದಲ್ಲಿ ಸಸಿ ನೆಡುವ ಭರವಸೆ



ನಮ್ಮ ಧರ್ಮಕೇಂದ್ರಗಳಲ್ಲಿ, ಅದರಲ್ಲೂ ಕರಾವಳಿಯ ಕಡೆ, ಒಬ್ಬರಾದರೂ ಪರದೇಶದಲ್ಲಿಲ್ಲದ ಕುಟುಂಬ ಅಪರೂಪ. ಮಗ ಕುವೈತಿನಲ್ಲಿ, ಮಗಳು ಮಸ್ಕತಿನಲ್ಲಿ ನರ್ಸ್, ಅಳಿಯ ದುಬೈಯಲ್ಲಿ. ಅಲ್ಲಿಂದ ಬರುವ ಹಣದ ಬಗ್ಗೆ ನಾವು ಮಾತನಾಡುತ್ತೇವೆ. ಅಲ್ಲಿರುವವರ ಎದೆಯೊಳಗಿನ ಅಳುಕಿನ ಬಗ್ಗೆ ಕೇಳುವುದು ಕಡಿಮೆ. ಇಪ್ಪತ್ತು ವರ್ಷ ದುಡಿದರೂ ಗಲ್ಫ್ ದೇಶಗಳಲ್ಲಿ ಸಾಮಾನ್ಯ ಕೆಲಸಗಾರನಿಗೆ ಪೌರತ್ವ ಸಿಗುವುದಿಲ್ಲ. ವೀಸಾ ಇರುವಷ್ಟು ದಿನ ಮಾತ್ರ ವಾಸ. ಆ ದೇಶದ ರಾಜಕೀಯ ತಿರುಗಿಬಿದ್ದರೆ ಏನು ಗತಿ?

ಇದು ಬರಿಯ ಊಹೆಯ ಪ್ರಶ್ನೆಯಲ್ಲ. 1972ರ ಆಗಸ್ಟಿನಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿದ್ದ ಏಷ್ಯಾ ಮೂಲದವರಿಗೆ ದೇಶ ಬಿಡಲು 90 ದಿನಗಳ ಗಡುವು ಕೊಟ್ಟ. ಅವರಲ್ಲಿ ಅನೇಕರು ಅಲ್ಲಿಯೇ ಹುಟ್ಟಿ ಬೆಳೆದವರು. ಗೋವಾ ಮೂಲದ ಕಥೋಲಿಕರೂ ಅವರೊಂದಿಗಿದ್ದರು. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ ಅಲ್ಲಿ ಸುಮಾರು 1,70,000 ಭಾರತೀಯರಿದ್ದರು. ದಿನಾರಿನ ಬೆಲೆ ಬಿದ್ದುಹೋಯಿತು. ಉಳಿತಾಯವೆಲ್ಲ ಬ್ಯಾಂಕುಗಳಲ್ಲೇ ಸಿಕ್ಕಿಕೊಂಡಿತು. ಜನ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನಿಗೆ ಬಂದರು. ಅಲ್ಲಿಂದ ಏರ್ ಇಂಡಿಯಾ ವಿಮಾನಗಳು ಸುಮಾರು ಎರಡು ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಬೊಂಬಾಯಿಗೆ ಕರೆತಂದವು. ಎಷ್ಟೋ ಜನ ಒಂದು ಕೈಚೀಲದೊಂದಿಗೆ ಊರು ಸೇರಿದರು. ಯುದ್ಧ 1991ರ ಫೆಬ್ರವರಿಯಲ್ಲಿ ಮುಗಿಯಿತು. ಆಮೇಲೆ ಅವರಲ್ಲಿ ಅನೇಕರು ಅದೇ ಕುವೈತಿಗೆ ಮತ್ತೆ ಹೊರಟರು. ಮನೆಯಲ್ಲಿ ಒಲೆ ಉರಿಯಬೇಕಲ್ಲ!

ಇಂಥ ಬದುಕಿಗೆ ಪವಿತ್ರ ಗ್ರಂಥ ಏನು ಹೇಳುತ್ತದೆ?

ಕ್ರಿಸ್ತಪೂರ್ವ ಆರನೆಯ ಶತಮಾನದ ಆರಂಭದಲ್ಲಿ, ಬಾಬಿಲೋನಿಗೆ ಸೆರೆಯಾಗಿ ಹೋಗಿದ್ದ ಯೆಹೂದ್ಯರ ನಡುವೆ ಇದೇ ಅಳುಕು ಇತ್ತು. ಆಗ ಹನನ್ಯ ಎಂಬ ಪ್ರವಾದಿ ಜೆರುಸಲೇಮಿನಲ್ಲಿ ಎದ್ದುನಿಂತು, ಎರಡೇ ವರ್ಷಗಳಲ್ಲಿ ಎಲ್ಲರೂ ಹಿಂದಿರುಗುತ್ತಾರೆಂದು ಸಾರಿದ. ಕೇಳಲು ಎಷ್ಟು ಹಿತವಾದ ಮಾತು! ಆದರೆ ಅದು ಸುಳ್ಳಾಗಿತ್ತು. ಪ್ರವಾದಿ ಯೆರೆಮೀಯ ಬೇರೆಯೇ ಬಗೆಯ ಪತ್ರ ಬರೆದು ಕಳುಹಿಸಿದ. ಎಪ್ಪತ್ತು ವರ್ಷಗಳಾಗುತ್ತವೆ, ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿರಿ, ಮಕ್ಕಳ ಮದುವೆ ಮಾಡಿರಿ, ನೀವಿರುವ ಆ ನಗರದ ಒಳಿತಿಗಾಗಿ ಪ್ರಾರ್ಥಿಸಿರಿ ಎಂಬುದು ಅದರ ಸಾರ (ಯೆರೆಮೀಯ 28 ಮತ್ತು 29).

ಈ ಎರಡು ಮಾತುಗಳ ವ್ಯತ್ಯಾಸವನ್ನು ಗಮನಿಸಿರಿ. ಹನನ್ಯ ಕೊಟ್ಟದ್ದು ತಾರೀಖು. ಯೆರೆಮೀಯ ಕೊಟ್ಟದ್ದು ಭರವಸೆ. ಎಪ್ಪತ್ತು ವರ್ಷವೆಂದರೆ, ಆ ಪತ್ರ ಓದಿದ ವಯಸ್ಕರಲ್ಲಿ ಹೆಚ್ಚಿನವರು ಪರನಾಡಿನಲ್ಲೇ ಕಣ್ಣು ಮುಚ್ಚುತ್ತಾರೆ ಎಂದರ್ಥ. ಆದರೂ ಸಸಿ ನೆಡಬೇಕಿತ್ತು. ನಾಳೆ ಏನಾಗುತ್ತದೆಂದು ಗೊತ್ತಿರುವುದರಿಂದ ಹುಟ್ಟುವುದು ಧೈರ್ಯ ಅಷ್ಟೇ. ನಾಳೆ ಗೊತ್ತಿಲ್ಲದಿದ್ದರೂ ಇಂದಿನ ಒಳ್ಳೆಯ ಕೆಲಸವನ್ನು ದೇವರ ಕೈಯಲ್ಲಿಟ್ಟು ಮಾಡುವುದೇ ಕ್ರೈಸ್ತ ಭರವಸೆ.

ಹೊರದೇಶದಲ್ಲಿರುವ ನಮ್ಮವರು ಎರಡು ಬಲೆಗಳಿಗೆ ಬೀಳುತ್ತಾರೆ. ಮೊದಲನೆಯದು, ಪೆಟ್ಟಿಗೆ ಕಟ್ಟಿಟ್ಟ ಬದುಕು. ಹೇಗೂ ಹೋಗುವವರು ನಾವು ಎಂದುಕೊಂಡು ಅಲ್ಲಿ ಯಾರೊಂದಿಗೂ ಬೆರೆಯದೆ, ನಗುವನ್ನೂ ಊರಿಗೆ ಬಂದ ಮೇಲೆ ನಕ್ಕರಾಯಿತೆಂದು ಮುಂದೂಡುವುದು. ಹೀಗೆ ಮುಂದೂಡಿದ ಬದುಕು ಮತ್ತೆ ಕೈಗೆ ಸಿಗುವುದಿಲ್ಲ. ಎರಡನೆಯದು, ಏನೂ ಆಗದೆಂಬ ಮೈಮರೆವು. ಸಾಲ ಮಾಡಿ ಊರಿನಲ್ಲಿ ಬಂಗಲೆ ಕಟ್ಟಿ, ಆಪತ್ಕಾಲಕ್ಕೆ ಒಂದು ರೂಪಾಯಿಯನ್ನೂ ತೆಗೆದಿಡದಿರುವುದು.

ಭರವಸೆಯೆಂದರೆ ಕಣ್ಣು ಮುಚ್ಚಿಕೊಳ್ಳುವುದಲ್ಲ. ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣದ ಅಂಗಗಳನ್ನು ಹೇಳುವಾಗ ಹಿಂದಿನದರ ನೆನಪನ್ನೂ ಮುಂದಾಲೋಚನೆಯನ್ನೂ ಸೇರಿಸುತ್ತಾರೆ. ಸಂತ ಜೋಸೆಫರನ್ನು ನೋಡಿರಿ. ಹೆರೋದನ ಭಯದಿಂದ ರಾತ್ರಿಯಲ್ಲೇ ಎದ್ದು, ಮಗುವನ್ನೂ ಮಾತೆ ಮರಿಯಮ್ಮನವರನ್ನೂ ಕರೆದುಕೊಂಡು ಈಜಿಪ್ಟಿಗೆ ಹೋದರು. ಹೆರೋದ ಸತ್ತ ಮೇಲೆ ಹಿಂದಿರುಗಿದರು. ಆದರೆ ಜುದೇಯದಲ್ಲಿ ಅವನ ಮಗ ಅರ್ಖೆಲಾಯ ಆಳುತ್ತಿದ್ದಾನೆಂದು ಕೇಳಿ, ದಾರಿ ಬದಲಿಸಿ ಗಲಿಲೇಯಕ್ಕೆ ಹೋದರು (ಮತ್ತಾಯ 2). ದೇವದೂತನ ಮಾತನ್ನು ನಂಬಿದ ಆ ನೀತಿವಂತರು ನಾಡಿನ ಸುದ್ದಿಯನ್ನೂ ಕಿವಿಗೊಟ್ಟು ಕೇಳಿದರು. ಜಗದ್ಗುರು ಹನ್ನೆರಡನೆಯ ಪಿಯುಸರು 1952ರಲ್ಲಿ ವಲಸಿಗರನ್ನು ಕುರಿತು ಹೊರಡಿಸಿದ ಶಾಸನದಲ್ಲಿ, ಈಜಿಪ್ಟಿಗೆ ವಲಸೆ ಹೋದ ಈ ಪವಿತ್ರ ಕುಟುಂಬವನ್ನೇ ಎಲ್ಲ ವಲಸಿಗರಿಗೂ ಮಾದರಿಯೆಂದು ಎತ್ತಿ ಹಿಡಿದರು.

ಯೆರೆಮೀಯನೂ ಹಾಗೆಯೇ. ಜೆರುಸಲೇಮಿಗೆ ಶತ್ರುಗಳು ಮುತ್ತಿಗೆ ಹಾಕಿದ್ದಾಗಲೇ ಅವನು ಅನಾತೋತಿನಲ್ಲಿ ಹೊಲ ಕೊಂಡ. ಕ್ರಯಪತ್ರಕ್ಕೆ ಸಾಕ್ಷಿ ಹಾಕಿಸಿ, ಮುದ್ರೆ ಒತ್ತಿಸಿ, ಬಹುಕಾಲ ಕೆಡದಂತೆ ಅದನ್ನು ಮಣ್ಣಿನ ಪಾತ್ರೆಯಲ್ಲಿ ಇಡಿಸಿದ (ಯೆರೆಮೀಯ 32). ಕುವೈತಿನಿಂದ ಬಂದವರಿಗೆ ಈ ಮಾತಿನ ಅರ್ಥ ಗೊತ್ತು. 1991ರಲ್ಲಿ ವಿಶ್ವಸಂಸ್ಥೆ ಪರಿಹಾರ ಆಯೋಗವನ್ನು ಸ್ಥಾಪಿಸಿತು. ಅದಕ್ಕೆ ಅರ್ಜಿ ಹಾಕುವಾಗ ತಾವು ಅಲ್ಲಿದ್ದದ್ದಕ್ಕೆ, ಬಿಟ್ಟು ಬಂದದ್ದಕ್ಕೆ ದಾಖಲೆ ತೋರಿಸಬೇಕಾಯಿತು. ಆದುದರಿಂದ ಪರದೇಶದಲ್ಲಿರುವವರ ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರು, ಬ್ಯಾಂಕಿನ ಕಾಗದಗಳ ಪ್ರತಿಗಳನ್ನು ಊರಿನ ಮನೆಯಲ್ಲಿ ಭದ್ರವಾಗಿಡಿರಿ. ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಲು ಅವರಿಗೆ ಹೇಳಿರಿ. ಮುಂದಾಲೋಚನೆ ಅವಿಶ್ವಾಸವಲ್ಲ.

ಊರಿನಲ್ಲಿರುವ ನಮಗೂ ಕರ್ತವ್ಯಗಳಿವೆ. ಕೆಲಸ ಕಳೆದುಕೊಂಡು ಬಂದವನನ್ನು ಎಷ್ಟು ತಂದೆ ಎಂದು ಕೇಳಬೇಡಿರಿ, ಊಟವಾಯಿತೇ ಎಂದು ಕೇಳಿರಿ. ಬರಿಗೈಯಲ್ಲಿ ಬಂದ ಮಗನಿಗೂ ಮನೆಯ ಬಾಗಿಲು ಅಷ್ಟೇ ಅಗಲವಾಗಿ ತೆರೆಯಲಿ. ಅಲ್ಲಿ ಗಲಭೆಯಂತೆ, ಯುದ್ಧವಂತೆ ಎಂಬ ಸುದ್ದಿ ಕೇಳಿದೊಡನೆ ಅತ್ತು ಫೋನ್ ಮಾಡಿ ಅವರ ಭಯವನ್ನು ಇಮ್ಮಡಿ ಮಾಡಬೇಡಿರಿ. ಸುದ್ದಿ ನಿಜವೇ ಎಂದು ಮೊದಲು ವಿಚಾರಿಸಿರಿ.

ವದಂತಿಯ ಬಲವನ್ನು ನಮ್ಮ ನಾಡೇ ಕಂಡಿದೆ. 2012ರ ಆಗಸ್ಟಿನಲ್ಲಿ ಹಲ್ಲೆಯಾಗುತ್ತದೆಂಬ ಗಾಳಿಮಾತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಅವರು ಬಂದದ್ದು ಬೇರೆ ದೇಶದಿಂದಲ್ಲ, ನಮ್ಮದೇ ದೇಶದ ಇನ್ನೊಂದು ಮೂಲೆಯಿಂದ. ಆದರೂ ಇಲ್ಲಿ ಅವರು ಪರಕೀಯರಾದರು. ನಮ್ಮ ಮಕ್ಕಳಿಗೆ ಪರದೇಶದಲ್ಲಿ ಯಾವ ಆಸರೆ ಸಿಗಲೆಂದು ಜಪಸರ ಹಿಡಿದು ಬೇಡುತ್ತೇವೋ, ಆ ಆಸರೆಯನ್ನು ನಮ್ಮ ಬೀದಿಯಲ್ಲಿ ಗಾರೆ ಕೆಲಸ ಮಾಡುವ, ಹೋಟೆಲಿನಲ್ಲಿ ತಟ್ಟೆ ತೊಳೆಯುವ ಹೊರಗಿನವನಿಗೆ ಕೊಟ್ಟಿದ್ದೇವೆಯೇ? ಪರಕೀಯನಾಗಿದ್ದಾಗ ತನ್ನನ್ನು ಸ್ವಾಗತಿಸಿದಿರೋ ಇಲ್ಲವೋ ಎಂಬುದನ್ನು ಕಡೆಯ ದಿನದಂದು ಕೇಳುವವರು ಯೇಸುಸ್ವಾಮಿಯೇ.

ಶಾಶ್ವತವಾದ ನಗರ ಈ ಭೂಮಿಯ ಮೇಲೆ ನಮಗ್ಯಾರಿಗೂ ಇಲ್ಲವೆಂದು ಹಿಬ್ರಿಯರಿಗೆ ಬರೆದ ಪತ್ರ ನೆನಪಿಸುತ್ತದೆ. ಹೊರಟವರೂ ಉಳಿದವರೂ ಒಂದೇ ದಾರಿಯ ಯಾತ್ರಿಕರು. ಇಂದು ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಪರದೇಶದಲ್ಲಿರುವ ನಿಮ್ಮವರ ಹೆಸರು ಹೇಳಿ ಪ್ರಾರ್ಥಿಸಿರಿ. ಅವರಿಗೆ ಅನ್ನ ಕೊಡುತ್ತಿರುವ ಆ ದೇಶದ ಶಾಂತಿಗಾಗಿ ಕೂಡ ಒಂದು ಪರಲೋಕ ಮಂತ್ರವನ್ನು ಹೇಳಿರಿ. ಆ ನಾಡಿನ ಶಾಂತಿಯಲ್ಲೇ ಅವರ ಶಾಂತಿ ಇದೆ.

ಈಜಿಪ್ಟಿನಲ್ಲಿ ಪರಕೀಯರಾಗಿ ಬಾಳಿದ ಪವಿತ್ರ ಕುಟುಂಬ ನಿಮ್ಮ ಕುಟುಂಬಗಳನ್ನು ಕಾಪಾಡಲಿ.