ಬುತ್ತಿಯಿಲ್ಲದ ಬೀಜ

ಹುಬ್ಬಳ್ಳಿ ಧಾರವಾಡಗಳ ನಡುವಣ ಸತ್ತೂರಿನ ಕಡೆಗೆ ಮುಂಗಾರು ಮಳೆಯಲ್ಲಿ ನಾವು ಹೋದಾಗ, ದನ ಮೇಯುವ ಹುಲ್ಲಿನ ನಡುವೆ ಒಂದು ಬಿಳೀ ಹೂವನ್ನು ಕಂಡೆವು. ಇದು ಸೀತಾಳೆಯ ಕುಲದ್ದೇ. ಆದರೆ ಸೀತಾಳೆಯು ಮರದ ಮೇಲೆ ಬೆಳೆಯುವದು, ಇದು ನೆಲದಲ್ಲಿ ಬೆಳೆಯುವದು. ಶಾಸ್ತ್ರಜ್ಞರು ಇದನ್ನು ಹೆಬನೇರಿಯ ಗ್ರಾಂಡಿಫ್ಲೋರಿಫಾರ್ಮಿಸ್ ಎಂದು ಕರೆಯುತ್ತಾರೆ. ಬೇಸಿಗೆಯಲ್ಲಿ ಇದರ ಗುರುತೇ ಇರದು. ಗಡ್ಡೆಯು ಮಣ್ಣಿನೊಳಗೆ ಅಡಗಿರುವದು. ಮಳೆ ಬಿದ್ದ ಮೇಲೆ ಸಾಮಾನ್ಯವಾಗಿ ಒಂದೇ ದುಂಡೆಲೆಯು ನೆಲಕ್ಕೆ ಅಂಟಿಕೊಂಡು ಹರಡುವದು; ಅದರ ಬುಡದಿಂದ ಗಿಡ್ಡ ದಂಟು ಎದ್ದು ಒಂದೆರಡು ಹೂ ಬಿಡುವದು. ಹೂವಿನ ಕೆಳದಳವು ಮೂರು ಪಾಲಾಗಿರುವದು. ಅದರ ಹಿಂದೆ ಸಣ್ಣ ಕೊಳವೆಯೊಂದು ಜೋತಿರುವದು.

ಕಾಯಿ ಒಡೆದಾಗ ಇದರ ಬೀಜಗಳು ಧೂಳಿನಂತೆ ಗಾಳಿಗೆ ಹಾರುವವು. ಜೋಳದ ಕಾಳನ್ನು ಸೀಳಿ ನೋಡಿರಿ: ಮೊಳಕೆಯ ಸಂಗಡ ಹಿಟ್ಟೂ ಇರುವದು, ಸೃಷ್ಟಿಕರ್ತನು ಅದಕ್ಕೆ ಬುತ್ತಿ ಕಟ್ಟಿಕೊಟ್ಟಿದ್ದಾನೆ. ಈ ಬೀಜಕ್ಕೆ ಅಂಥ ಬುತ್ತಿಯಿಲ್ಲ. ಹಾಗಾದರೆ ಇದು ಮೊಳೆಯುವದು ಹೇಗೆ? ಮಣ್ಣಿನೊಳಗಿನ ಬೂಷ್ಟಿನ ಎಳೆಗಳು ಬೀಜವನ್ನು ಹೊಕ್ಕು ಆಹಾರ ಒದಗಿಸುವವು. ಸೀತಾಳೆಯ ಕುಲದ ಬೀಜಗಳು ಬೂಷ್ಟಿನ ಸಹಾಯದಿಂದ ಮೊಳೆಯುವವೆಂಬದನ್ನು 1899ರಲ್ಲಿ ಫ್ರಾನ್ಸ್ ದೇಶದ ನೊಯೆಲ್ ಬೆರ್ನಾರ್ ಎಂಬ ಪಂಡಿತನು ತೋರಿಸಿಕೊಟ್ಟನು. ರೊಟ್ಟಿಯ ಮೇಲೆ ಕಂಡರೆ ನಾವು ಹೊಲಸೆಂದು ಎಸೆಯುವ ಬೂಷ್ಟು! ಅದರ ಜಾತಿಯದೇ ಈ ಶುಭ್ರವಾದ ಹೂವಿಗೆ ಎದೆಹಾಲು ಉಣಿಸಿತು.

ಪ್ರಿಯರೇ, ನಮ್ಮನ್ನು ನಾವೇ ಶೋಧಿಸಿಕೊಳ್ಳೋಣ. ಒಂದೇ ಸ್ನಾನವನ್ನು ಹೊಂದಿ, ಒಂದೇ ರೊಟ್ಟಿಯಲ್ಲಿ ಪಾಲುಗಾರರಾದ ಮೇಲೆಯೂ, ಪೂರ್ವದ ಕುಲವನ್ನು ನೆನಸಿ ಸಹೋದರನ ಮನೆಯ ನೀರನ್ನು ಮುಟ್ಟಲೊಲ್ಲದವರು ನಮ್ಮ ಸಭೆಗಳಲ್ಲಿ ಇಲ್ಲವೋ? ಆತನ ಪ್ರಾರ್ಥನೆ ನಮಗೆ ಬೇಕು, ನಮ್ಮ ರೋಗದಲ್ಲಿ ಆತನ ಸೇವೆ ಬೇಕು, ಆತನ ತಂಬಿಗೆ ಮಾತ್ರ ಬೇಡ. ನಾವಾದರೋ ಬುತ್ತಿ ಕಟ್ಟಿಕೊಂಡು ಹುಟ್ಟಿದವರಲ್ಲ. ಕೃಪೆಯು ನಮ್ಮನ್ನು ಮುಟ್ಟಿದ್ದು ಬೇರೆಯವರ ಕೈಯಿಂದಲೇ. ನಾವು ಕೀಳೆಂದು ಎಣಿಸಿದ ಕೈಯಿಂದಲೂ ಮುಟ್ಟಿರಬಹುದು.

ನಮ್ಮ ಕರ್ತನು ಬಾವಿಯ ಬಳಿಯಲ್ಲಿ ದಣಿದು ಕೂತಾಗ, ಯೆಹೂದ್ಯರು ಹೊಕ್ಕುಬಳಕೆ ಇಡದ ಸಮಾರ್ಯದ ಸ್ತ್ರೀಯನ್ನು ನೀರು ಕೇಳಿದನು. ಆತನು ಮೊದಲು ಕೊಡಲಿಲ್ಲ, ಮೊದಲು ಬೇಡಿದನು.

ಆದದರಿಂದ ಬರುವ ಕರ್ತನ ದಿನ ಆರಾಧನೆ ಮುಗಿದ ಮೇಲೆ, ಈ ವರೆಗೆ ನೀವು ಹೊಸ್ತಿಲು ದಾಟದ ಆ ಸಹೋದರನ ಮನೆಗೆ ಹೋಗಿ, ಒಂದು ತಂಬಿಗೆ ನೀರು ಕೇಳಿ ಕುಡಿಯಿರಿ. ಕರ್ತನು ನಿಮ್ಮ ಸಂಗಡ ಇರಲಿ. ಆಮೆನ್.