ಕೈಕೆಲಸದವರ ಮ್ಯೂಸಿಯಂ

ಮ್ಯೂಸಿಯಂ ಒಳಗೆ ಕಾಲಿಟ್ಟರೆ ಮೊದಲು ಎದುರಾಗುವುದು ‘ಮುಟ್ಟಬೇಡಿ’ ಎಂಬ ಹಲಗೆ; ಅದರ ಪಕ್ಕದಲ್ಲೊಂದು ಕುರ್ಚಿ, ಕುರ್ಚಿಯಲ್ಲಿ ನಮ್ಮನ್ನೇ ದಿಟ್ಟಿಸುವ ಕಾವಲುಗಾರ. ನೋಡಿ ಮುಂದೆ ಸಾಗುವುದಷ್ಟೇ ನಮ್ಮ ಪಾಲಿನ ಕೆಲಸ. 1897ರಲ್ಲಿ ನ್ಯೂಯಾರ್ಕಿನಲ್ಲಿ ಸಾರಾ ಮತ್ತು ಎಲಿನಾರ್ ಹೆವಿಟ್ ಎಂಬ ಅಕ್ಕತಂಗಿಯರು ತೆರೆದ ಮ್ಯೂಸಿಯಂ ಈ ರೂಢಿಗೆ ಒಗ್ಗುವಂಥದ್ದಾಗಿರಲಿಲ್ಲ. ಬಡಗಿ, ನೇಕಾರ, ನಕ್ಷೆ ಬರೆಯುವವ, ಬಟ್ಟೆಗೆ ಅಚ್ಚು ಹಾಕುವವ ಬಂದು, ಕೂತು, ಅಳೆದು, ನಕಲು ಬರೆದುಕೊಂಡು ಹೋಗಬೇಕು. ನಾಳೆ ತನ್ನ ಕೆಲಸದಲ್ಲಿ ಅದನ್ನು ಬಳಸಬೇಕು. ಅದಕ್ಕಾಗಿಯೇ ಅದು ಹುಟ್ಟಿದ್ದು. ಪ್ರವೇಶ ಉಚಿತ. ದೊಡ್ಡವರ ಶಿಫಾರಸು ಪತ್ರ ತರಬೇಕೆಂಬ ಗೋಜೂ ಇರಲಿಲ್ಲ.

ಈ ಹಟದ ಬೇರು ಅವರ ತಾಯಿಯ ತಂದೆ ಪೀಟರ್ ಕೂಪರ್‌ನಲ್ಲಿತ್ತು. ಶಾಲೆಯ ಮುಖ ಹೆಚ್ಚು ಕಾಣದ ಆತ ಅಂಟಿನ ಕಾರ್ಖಾನೆ ನಡೆಸಿ ಶ್ರೀಮಂತನಾದ. 1830ರಲ್ಲಿ ‘ಟಾಮ್ ಥಂಬ್’ ಎಂಬ ಪುಟ್ಟ ಉಗಿಬಂಡಿ ಕಟ್ಟಿ ಓಡಿಸಿದವನೂ ಅವನೇ. ತನಗೆ ದಕ್ಕದ ಓದು ದುಡಿಯುವವರ ಮಕ್ಕಳಿಗೆ ಪುಕ್ಕಟೆ ಸಿಗಲಿ ಎಂದು 1859ರಲ್ಲಿ ಕೂಪರ್ ಯೂನಿಯನ್ ಎಂಬ ಕಾಲೇಜು ತೆರೆದ. ಹಗಲು ಕೆಲಸ ಮಾಡುವವರಿಗೆ ರಾತ್ರಿ ತರಗತಿ, ಹೆಣ್ಣುಮಕ್ಕಳಿಗೂ ಜಾಗ. ಆ ಕಟ್ಟಡದ ಒಂದು ಸಂಗತಿ ನನಗೆ ಬಹಳ ಇಷ್ಟ. ಜನ ಏರಿಳಿಯುವ ಲಿಫ್ಟ್ ಇನ್ನೂ ಬಳಕೆಗೆ ಬಾರದ ಕಾಲದಲ್ಲೇ ಕೂಪರ್ ಅದಕ್ಕೆಂದು ಒಂದು ಕೊಳವೆ ಬಿಡಿಸಿಟ್ಟಿದ್ದ. ಲಿಫ್ಟ್ ದುಂಡಗಿರುತ್ತದೆ ಎಂದು ಊಹಿಸಿ ಕೊಳವೆಯನ್ನೂ ದುಂಡಗೇ ಕಟ್ಟಿಸಿದ. ಆಮೇಲೆ ಜಗತ್ತಿಗೆ ಬಂದದ್ದು ಚೌಕ ಲಿಫ್ಟು! ಆಕಾರ ತಪ್ಪಿತು, ಅಂದಾಜು ತಪ್ಪಲಿಲ್ಲ.

ಕಾಲೇಜಿನೊಳಗೆ ಒಂದು ಮ್ಯೂಸಿಯಂ ಇರಬೇಕೆಂಬುದೂ ಅವನ ಎಣಿಕೆಯಲ್ಲಿತ್ತು. 1883ರಲ್ಲಿ ಅವನು ತೀರಿಕೊಂಡಾಗ ಅದು ಕೈಗೂಡಿರಲಿಲ್ಲ. ಮೊಮ್ಮಕ್ಕಳು ಅದನ್ನು ಕೈಗೆತ್ತಿಕೊಂಡರು. ಅಪ್ಪ ಏಬ್ರಮ್ ಹೆವಿಟ್ ನ್ಯೂಯಾರ್ಕಿನ ಮೇಯರ್ ಆಗಿದ್ದವರು. ಹಣಕ್ಕೆ, ಪರಿಚಯಕ್ಕೆ ಕೊರತೆಯಿರಲಿಲ್ಲ. ಅಂಥ ಮನೆತನದ ಹೆಂಗಸರು ಯುರೋಪಿಗೆ ಹೋದರೆ ಒಡವೆ, ಉಡುಪು ತರುತ್ತಿದ್ದ ಕಾಲ. ಇವರಿಬ್ಬರು ಪ್ಯಾರಿಸ್ಸಿನ ಅಲಂಕಾರ ಕಲೆಗಳ ಮ್ಯೂಸಿಯಂ, ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂಗಳನ್ನು ನೋಡಿ, ನಮ್ಮೂರಿನ ಕುಶಲಕರ್ಮಿಗೆ ಇದು ಯಾಕಿಲ್ಲ ಎಂದು ಕೇಳಿಕೊಂಡು ಬಂದರು. ಲೇಸು, ಗುಂಡಿ, ಬೀಗ, ಗೋಡೆಗೆ ಅಂಟಿಸುವ ಬಣ್ಣದ ಕಾಗದ, ಕೊನೆಗೆ ಹಕ್ಕಿ ಪಂಜರಗಳನ್ನೂ ಕೂಡಿಹಾಕಿದರು. ಬ್ಯಾಂಕರ್ ಜೆ. ಪಿ. ಮಾರ್ಗನ್‌ ಯುರೋಪಿನ ಹಳೆಯ ಬಟ್ಟೆಗಳ ಅಪರೂಪದ ಸಂಗ್ರಹಗಳನ್ನು ಕೊಂಡು ಇವರಿಗೆ ಕೊಟ್ಟ. ವಸ್ತು ಸಿಗದಿದ್ದಲ್ಲಿ ಅದರ ಚಿತ್ರವನ್ನಾದರೂ ಕತ್ತರಿಸಿ ದಪ್ಪ ಪುಸ್ತಕಗಳಲ್ಲಿ ಅಂಟಿಸಿ ವಿದ್ಯಾರ್ಥಿಗಳ ಮುಂದಿಟ್ಟರು. ಅಂಟಿನ ಕಾರ್ಖಾನೆಯವನ ಮೊಮ್ಮಕ್ಕಳಲ್ಲವೇ!

ಲಾಭದ ಮಾತಿಲ್ಲದ ಸಂಸ್ಥೆಗೆ ಒಂದು ದಿನ ಖರ್ಚಿನ ಲೆಕ್ಕ ಎದುರಾಗುತ್ತದೆ. 1963ರಲ್ಲಿ ಕೂಪರ್ ಯೂನಿಯನ್ ಮ್ಯೂಸಿಯಂನ ಬಾಗಿಲು ಹಾಕಿತು. ಅಭಿಮಾನಿಗಳು ಸಮಿತಿ ಕಟ್ಟಿ ಹೋರಾಡಿದ್ದರಿಂದ ಸಂಗ್ರಹ ಚೆಲ್ಲಾಪಿಲ್ಲಿಯಾಗದೆ 1968ರಲ್ಲಿ, ಹಲವು ಮ್ಯೂಸಿಯಂಗಳನ್ನು ನಡೆಸುವ ಸ್ಮಿತ್‌ಸೋನಿಯನ್ ಸಂಸ್ಥೆಯ ಮಡಿಲು ಸೇರಿತು. ಇಂದು ಅದರ ಹೆಸರು ‘ಕೂಪರ್ ಹೆವಿಟ್’. ಮನೆಯೂ ಬದಲಾಯಿತು: ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿಯ ಬಂಗಲೆ. ತನಗೆ ತೀರ ಸಾದಾ ಮನೆ ಸಾಕು ಎಂದಿದ್ದನಂತೆ ಕಾರ್ನೆಗಿ. ಆ ಸಾದಾ ಮನೆಗೆ 64 ಕೋಣೆ. ಅದರಲ್ಲೊಂದು ಕೋಣೆಯ ತುಂಬ ತೇಗದ ಕೆತ್ತನೆ. ಕೆತ್ತಿದ್ದು ಅಹಮದಾಬಾದಿನ ಕಸುಬುದಾರರು. ಲಾಕ್‌ವುಡ್ ಡಿ ಫಾರೆಸ್ಟ್ ಎಂಬ ಅಮೆರಿಕನ್ನನೂ ಅಲ್ಲಿನ ಹಠೀಸಿಂಗ್ ಎಂಬ ಶೇಠರೂ ಸೇರಿ ನಡೆಸಿದ ಕಾರ್ಯಾಗಾರದಿಂದ ಹಡಗೇರಿ ಬಂದದ್ದು. ನ್ಯೂಯಾರ್ಕಿಗೆ ಹೋಗುವ ನಮ್ಮವರು ಲಿಬರ್ಟಿ ಪ್ರತಿಮೆಯ ಜತೆಗೆ ಈ ಕೋಣೆಗೂ ಒಂದು ಗಳಿಗೆ ಕೊಡಬಹುದು.

1976ರಲ್ಲಿ ಆ ಬಂಗಲೆಯಲ್ಲಿ ಮ್ಯೂಸಿಯಂ ಮತ್ತೆ ತೆರೆದಾಗ ಅದರ ಮೊದಲ ಪ್ರದರ್ಶನ ರೂಪಿಸಿದ ಆಸ್ಟ್ರಿಯಾದ ವಾಸ್ತುಶಿಲ್ಪಿ ಹಾನ್ಸ್ ಹೊಲೈನ್ ಬೆಲೆಬಾಳುವ ಕುರ್ಚಿಗಳನ್ನು ಸಾಲಾಗಿ ಇಡಲಿಲ್ಲ. ಬಗೆಬಗೆಯ ಸುತ್ತಿಗೆಗಳನ್ನು ಇಟ್ಟ, ಬಗೆಬಗೆಯ ಬ್ರೆಡ್ಡುಗಳನ್ನು ಇಟ್ಟ. ಅಕ್ಕತಂಗಿಯರು ಆಗ ಬದುಕಿದ್ದರೆ ಅವರಿಗೆ ಹಿಡಿಸುತ್ತಿತ್ತು ಎಂದು ನನ್ನ ನಂಬಿಕೆ. ಹಿಡಿ ಹೇಗಿರಬೇಕು, ತೂಕ ಯಾವ ತುದಿಗೆ ಬೀಳಬೇಕು ಎಂದು ಸುತ್ತಿಗೆ ಹಿಡಿಯುವವನಷ್ಟು ಬಲ್ಲವರು ಯಾರು?

ಈಗ ಅಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ವಸ್ತುಗಳಿವೆ. ಒಳಗೆ ಹೋಗಲು ಟಿಕೆಟ್ ಉಂಟು. ವಾಷಿಂಗ್ಟನ್ನಿನಲ್ಲಿರುವ ಸ್ಮಿತ್‌ಸೋನಿಯನ್ ಮ್ಯೂಸಿಯಂಗಳು ಪುಕ್ಕಟೆ, ಇದು ಮಾತ್ರ ಅಲ್ಲ. ಪುಕ್ಕಟೆ ಓದಿಗೆ ಹೆಸರಾದ ಕೂಪರ್ ಯೂನಿಯನ್ ಕೂಡ 2014ರಿಂದ ಶುಲ್ಕ ಪಡೆಯತೊಡಗಿತು. ಹಣವಿಲ್ಲದೆ ಮ್ಯೂಸಿಯಂ ನಡೆಯದು, ನಿಜ. ಆದರೂ ಸಂಜೆ ಕೆಲಸ ಬಿಟ್ಟು ಬರುವ ಬಡಗಿಯನ್ನು ನೆನೆದು ಕಟ್ಟಿದ ಜಾಗದಲ್ಲಿ ಟಿಕೆಟ್ ಕಿಂಡಿ ನನಗೆ ಸ್ವಲ್ಪ ಇರುಸುಮುರುಸು ತರುತ್ತದೆ. ಅದೇ 2014ರ ಡಿಸೆಂಬರಿನಲ್ಲಿ ನವೀಕರಣ ಮುಗಿಸಿ ತೆರೆದ ಮ್ಯೂಸಿಯಂ ಮರುವರ್ಷದಿಂದ ಬಂದವರ ಕೈಗೆ ಒಂದೊಂದು ಎಲೆಕ್ಟ್ರಾನಿಕ್ ಪೆನ್ನು ಕೊಡತೊಡಗಿತು. ಇಷ್ಟವಾದ ವಸ್ತುವಿನ ಚೀಟಿಗೆ ಅದನ್ನು ತಾಗಿಸಿದರೆ ಆ ವಸ್ತುವಿನ ವಿವರ ನಿಮ್ಮ ಖಾತೆಗೆ ಸೇರುತ್ತಿತ್ತು, ಮನೆಗೆ ಹೋಗಿ ನೋಡಬಹುದಿತ್ತು. ಮೇಜಿನ ಪರದೆಯ ಮೇಲೆ ಅದೇ ಪೆನ್ನಿನಿಂದ ನೀವೇ ಒಂದು ಗೆರೆ ಎಳೆದು ಕುರ್ಚಿಯನ್ನೋ ದೀಪವನ್ನೋ ರೂಪಿಸಲೂಬಹುದಿತ್ತು.